ಅವ್ವನ ಸೂಟಿ

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮವ್ವನ ಸೊಂಟನೋವು ಬಲವಾಯಿತು. ಇಪ್ಪತ್ತೆರಡು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಇಳಕಲ್ ಸೀರೆ ನೇದ ಸೊಂಟ ಅದು; ನೋಯದೆ ಇದ್ದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಡಾಕ್ಟರರು ಗುಳಿಗೆ ಬರೆದುಕೊಟ್ಟು, "ಎಂಟು ದಿನ ಮಗ್ಗಕ್ಕ ಕೂಡಬ್ಯಾಡ್ರಿ, ವಿಶ್ರಾಂತಿ ತಗೊಳ್ರಿ" ಎಂದರು. ಗುಳಿಗೆಗಳನ್ನು ಅವ್ವ ಔಷಧದ ಅಂಗಡಿಯಲ್ಲಿ ತೆಗೆದುಕೊಂಡಳು. ವಿಶ್ರಾಂತಿಯನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಮರೋಳದ ನಮ್ಮ ಮನೆಯಲ್ಲಿ ಪಡಸಾಲೆಯೆಂದರೆ ಮಗ್ಗ, ಮಗ್ಗವೆಂದರೆ ಪಡಸಾಲೆ. ಅರ್ಧ ನೇದ ಸೀರೆಯೊಂದು ಕಣ್ಣೆದುರಿಗೇ ಬಾಯಿ ತೆರೆದು ಕುಳಿತಿರುವಾಗ ಮಲಗುವುದಾದರೂ ಹೇಗೆ? ಮೂರನೆಯ ದಿನ ನಾನು ಕಾಲೇಜಿನಿಂದ ಬರುವಾಗ ಓಣಿಯ ತುದಿಗೇ ಲಾಳಿಯ ಸಪ್ಪಳ ಕೇಳಿಸಿತು.

ಅಂದಮೇಲೆ ವಿಶ್ರಾಂತಿಯನ್ನು ಮನೆಯ ಹೊರಗೆ ಹುಡುಕಬೇಕೆಂದಾಯಿತು. ಈ ವಿಚಾರ ತಲೆಯಲ್ಲಿ ಸುಳಿಯುತ್ತಿದ್ದಾಗಲೇ ಗ್ರಂಥಾಲಯದಲ್ಲಿ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯೊಂದು ಕೈಗೆ ಸಿಕ್ಕಿತು. ಆರಾಮಕ್ಕೆಂದು ಹೊರಟವರು ಬಾರ್ಬಡೋಸಿಗೆ ಹೋಗುವುದು ಲೇಸೋ ಜಮೈಕಾಕ್ಕೆ ಹೋಗುವುದು ಲೇಸೋ ಎಂದು ಅದರಲ್ಲಿ ನಾಲ್ಕು ಪುಟಗಳ ಚರ್ಚೆ. ಕ್ರಿಕೆಟ್ಟಿನ ದಯೆಯಿಂದ ಈ ಹೆಸರುಗಳು ನಮ್ಮೂರ ಹುಡುಗರಿಗೂ ಅಪರಿಚಿತವಲ್ಲ. ನನಗೆ ನೆನಪಾದುದು ಬೇರೆ. ಅದೇ ಕೆರಿಬಿಯನ್ ಸಮುದ್ರದ ಟ್ರಿನಿಡಾಡಿಗೆ 1845ರ ಮೇ ತಿಂಗಳಲ್ಲಿ ಫಟೇಲ್ ರಜಾಕ್ ಎಂಬ ಹಡಗು ನಮ್ಮ ದೇಶದ ಕೂಲಿಗಳನ್ನು ಕಬ್ಬಿನ ತೋಟದ ದುಡಿತಕ್ಕೆ ಮೊದಲ ಸಲ ತಂದಿಳಿಸಿತೆಂದೂ, ಆ ಕರಾರುಕೂಲಿಯ ಸಾಗಣೆ 1917ರವರೆಗೂ ನಡೆಯಿತೆಂದೂ ಇತಿಹಾಸದ ಗುರುಗಳು ಪಾಠದಲ್ಲಿ ಹೇಳಿದ್ದರು. ಒಬ್ಬರು ದುಡಿದು ಸತ್ತ ದಂಡೆಯ ಮೇಲೆ ಇನ್ನೊಬ್ಬರು ಉದ್ದನೆಯ ಕುರ್ಚಿ ಹಾಕಿ ಮಲಗುತ್ತಾರೆ. ಇರಲಿ. ನಿಜ ಹೇಳಬೇಕೆಂದರೆ ಆ ಚಿತ್ರಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದು ಮರಳಿನ ವಿಷಯಕ್ಕಲ್ಲ, ಆಯ್ಕೆಯ ವಿಷಯಕ್ಕೆ. ಅಲ್ಲಿಗೋ ಇಲ್ಲಿಗೋ ಎಂದು ಕುಳಿತು ತೂಗಿ ನೋಡುವ ಸುಖ ನಮ್ಮ ಮನೆತನದಲ್ಲಿ ಯಾರಿಗೂ ಬಂದುದಿಲ್ಲ. ಜಾತ್ರೆಯಿದ್ದರೆ ಹೋಗುವುದು, ಕೈಯಲ್ಲಿ ದುಡ್ಡಿಲ್ಲದಿದ್ದರೆ ಬಿಡುವುದು, ಇಷ್ಟೇ ನಮಗೆ ಗೊತ್ತು.

ಹಾಗಾದರೆ ನನಗೂ ಎರಡು ದ್ವೀಪಗಳು ಬೇಕು ಎಂದುಕೊಂಡೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿನ ಹಣವಿಲ್ಲ. ಆದುದರಿಂದ ದ್ವೀಪಗಳು ಕರ್ನಾಟಕದ ಗಡಿಯೊಳಗಿರತಕ್ಕದ್ದು ಎಂಬುದು ಮೊದಲನೆಯ ಕರಾರು. ನಾಲ್ಕು ದಿನದಲ್ಲಿ ಹೋಗಿ ಬರಬೇಕು ಎಂಬುದು ಎರಡನೆಯದು. ಓಣಿಯವರಿಗೆ ಕಂಡಿಕೆ ಸುತ್ತಿಕೊಟ್ಟು, ಸಣ್ಣ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ನಾನು ಕೂಡಿಸಿದ್ದ 2,600 ರೂಪಾಯಿಯಲ್ಲಿ ಮುಗಿಯಬೇಕು ಎಂಬುದು ಮೂರನೆಯದು. ಆ ಹಣ ಬಿ.ಎಡ್. ಅರ್ಜಿಗೆಂದು ತೆಗೆದಿಟ್ಟದ್ದು. ಅದನ್ನು ಇಲ್ಲಿ ಹೇಳುತ್ತಿದ್ದೇನೆ, ಅವ್ವನಿಗೆ ಹೇಳಿರಲಿಲ್ಲ.

ಈ ಮೂರು ಕರಾರುಗಳಿಗೆ ಒಪ್ಪಿದ ದ್ವೀಪಗಳು ಎರಡು. ಕಾವೇರಿಯ ನಡುವಿನ ಶ್ರೀರಂಗಪಟ್ಟಣ ಒಂದು. ಮಲ್ಪೆಯ ಎದುರಿಗೆ ಸಮುದ್ರದಲ್ಲಿರುವ ಸೇಂಟ್ ಮೇರಿ ದ್ವೀಪ ಇನ್ನೊಂದು.

ಕಾಲೇಜಿನಲ್ಲಿ ಈ ವಿಷಯ ಬಾಯಿಬಿಟ್ಟದ್ದೇ ತಪ್ಪಾಯಿತು. ನಮ್ಮ ಇತಿಹಾಸ ವಿಭಾಗಕ್ಕೂ ಭೂಗೋಳ ವಿಭಾಗಕ್ಕೂ ಹಳೆಯ ಪೈಪೋಟಿಯುಂಟೆಂಬುದು ವಾಚಕರಿಗೆ ತಿಳಿದದ್ದೇ. ಇತಿಹಾಸದ ಗುರುಗಳು, "ಇದರಲ್ಲಿ ಯೋಚಿಸುವುದೇನಿದೆ?" ಎಂದರು. ಟಿಪ್ಪು ಸುಲ್ತಾನ 1799ರ ಮೇ 4ರಂದು ಕಾದಿ ಬಿದ್ದ ಕೋಟೆ, 1784ರ ದರಿಯಾ ದೌಲತ್ ಅರಮನೆಯ ಗೋಡೆಗಳ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ, ಪಕ್ಕದಲ್ಲಿಯೇ ರಂಗನತಿಟ್ಟು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳು 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿವೆ. ಬಸ್ಸು ಸೇತುವೆ ದಾಟಿದರೆ ದ್ವೀಪ ಬಂದಂತೆಯೇ. ದೋಣಿಯ ಖರ್ಚೂ ಇಲ್ಲ. ಭೂಗೋಳದ ಗುರುಗಳು ಇದನ್ನೆಲ್ಲ ಕೇಳಿಕೊಂಡು ನಕ್ಕರು. "ಇನ್ನೂರು ವರ್ಷದ ಮಾತಿಗೆ ಇಷ್ಟು ಸಡಗರವೇ? ಸೇಂಟ್ ಮೇರಿಯ ಕಲ್ಲಿಗೆ ಸುಮಾರು 8 ಕೋಟಿ 80 ಲಕ್ಷ ವರ್ಷ. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದ ಲಾವಾ ಅದು. ಹಾಗೆ ಆರಿ ಕಂಬವಾದ ಕಲ್ಲನ್ನು ನೀನು ಇನ್ನೆಲ್ಲಿ ನೋಡುತ್ತಿ?" ಎಂದರು. ನನಗೆ ಎರಡೂ ಸರಿಯೆನಿಸಿತು. ಆದರೆ ಇಬ್ಬರು ಗುರುಗಳೂ ನಮ್ಮವ್ವನ ಸೊಂಟದ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕಡೆಗೆ ಖಟ್ಲೆ ಅವ್ವನ ಎದುರಿಗೆ ಬಂದಿತು. ಅವಳು ಲಾಳಿ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ದ್ವೀಪ ನೋಡಾಕ ಅಷ್ಟು ದೂರ ಯಾಕ? ಸಂಗಮದಾಗ ಬಸವಣ್ಣನ ಐಕ್ಯಸ್ಥಳ ಐತಲ್ಲ, ಸುತ್ತೆಲ್ಲ ನೀರು" ಎಂದಳು.

ಮಾತು ಸುಳ್ಳಲ್ಲ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನಿಂದ ಹಿನ್ನೀರು ಬಂದಾಗ, ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎತ್ತಿ ಉಳಿಸಿಕೊಂಡರು. ಈಗ ನೀರಿನ ನಡುವೆ ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ. ಆದರೆ ಕೂಡಲಸಂಗಮಕ್ಕೆ ಹೋದರೆ ಅವ್ವ ಸಂಜೆಗೆ ಮನೆಗೆ ಬರುತ್ತಾಳೆ. ಬಂದವಳು ಮಗ್ಗಕ್ಕೆ ಕೂಡುತ್ತಾಳೆ. ಸಂಗಮ, ಬನಶಂಕರಿ, ಸವದತ್ತಿ ಎಲ್ಲಮ್ಮ, ಇವನ್ನು ಬಿಟ್ಟು ಅವಳು ಕಂಡ ಊರು ಬಹಳಿಲ್ಲ.

ಶ್ರೀರಂಗಪಟ್ಟಣದ ದೇವರ ವಿಷಯ ಹೇಳಿದೆ. ಕಾವೇರಿಯ ಮೂರು ದ್ವೀಪಗಳಲ್ಲಿ ಮೂವರು ರಂಗನಾಥರು, ಶ್ರೀರಂಗಪಟ್ಟಣದವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಶೇಷನ ಮೇಲೆ ಮಲಗಿದವರೇ ಎಂದೆ.

ಲಾಳಿ ಒಂದು ಗಳಿಗೆ ನಿಂತಿತು. "ಆ ದೇವರಾದ್ರೂ ಪುಣ್ಯವಂತ ನೋಡು. ಮಲಕೊಂಡ ಪೂಜಿ ಮಾಡಿಸ್ಕೊಂತಾನ."

"ಮತ್ತ ಮಲ್ಪೆ?" ಎಂದೆ.

"ಮಂಗಳೂರ ಕಡೆ ಏನೈತಿ? ಅದು ದುಡಿಯಾಕ ಹೋಗೂ ಊರು. ಸುಮ್ಮನ ಕೂಡಾಕ ಅಲ್ಲಿಗೆ ಯಾರರ ಹೋಗ್ತಾರೇನು?"

ಇದೂ ನಿಜವೇ. ಮಳೆ ಕೈಕೊಟ್ಟ ವರ್ಷ ಹುನಗುಂದ, ಬದಾಮಿ, ಬಾಗಲಕೋಟೆಯ ಕಡೆಯವರು ಗಂಟು ಕಟ್ಟಿಕೊಂಡು ಉಡುಪಿ, ಮಂಗಳೂರಿಗೆ ಗಾರೆಕೆಲಸಕ್ಕೆ ಬಸ್ಸು ಹತ್ತುವುದು ಹಳೆಯ ರೂಢಿ. ಅವ್ವನ ಒಡಹುಟ್ಟಿದ ತಮ್ಮ, ನನ್ನ ಸೋದರಮಾವ, ಹತ್ತು ವರ್ಷದಿಂದ ಉಡುಪಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ. ಅವನ ಖೋಲಿಯಲ್ಲಿ ಇಳಿದುಕೊಂಡರೆ ವಸತಿಯ ಖರ್ಚು ಉಳಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ನಮ್ಮವರಾರೂ ಇಲ್ಲ. ತಕ್ಕಡಿ ಮಲ್ಪೆಯ ಕಡೆಗೆ ವಾಲಿದ್ದು ಈ ಲೆಕ್ಕದಿಂದಲೇ ಎಂದು ಮನೆಯಲ್ಲಿ ಹೇಳಿದೆ. ತಮ್ಮನನ್ನು ಕಾಣಬಹುದು, ಉಡುಪಿಯ ಕೃಷ್ಣನ ದರ್ಶನವೂ ಆಗುತ್ತದೆ ಎಂದೂ ಸೇರಿಸಿದೆ. ಅಪ್ಪ, "ಹೋಗಿ ಬರ್ರಿ, ಎಮ್ಮಿ ನಾ ನೋಡ್ಕೊಂತೀನಿ" ಎಂದುಬಿಟ್ಟ. ನನ್ನ ಮನಸ್ಸಿನಲ್ಲಿದ್ದ ಮಾತು ಬೇರೆಯಿತ್ತು. ಹನಿ ನೀರಾವರಿಯಿಂದ ಹೊರಗಿನವರಿಗೆ ಹೆಸರು ತಿಳಿದ ಊರು ನಮ್ಮದು. ನೀರನ್ನು ಹನಿಹನಿಯಾಗಿ ಎಣಿಸುವ ಆ ಊರಿನಲ್ಲಿ ಹುಟ್ಟಿದ ನನಗೆ ಒಮ್ಮೆ ಸಮುದ್ರ ನೋಡಬೇಕಾಗಿತ್ತು. ಸೊಂಟ ಅವ್ವನದು, ಆಸೆ ನನ್ನದು.

ದೀಪಾವಳಿ ಮುಗಿದ ಮೇಲೆ ಹೊರಟೆವು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲವಾದ್ದರಿಂದ ಅಲ್ಲಿಯವರೆಗೆ ಕಾಯಬೇಕಾಯಿತು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರದ ಕಾಡನ್ನು ಕತ್ತಲೆಯಲ್ಲಿ ದಾಟಿ ಬೆಳಗಿಗೆ ಉಡುಪಿ ಮುಟ್ಟಿದೆವು. ಮಾವನ ಖೋಲಿ ತಗಡಿನದು. ಅದರಲ್ಲಿ ಮೊದಲೇ ನಾಲ್ವರಿದ್ದರು, ನಾವು ಹೋಗಿ ಆರಾದೆವು. ಅತ್ತಿ ರೊಟ್ಟಿ ಬಡಿದು ಬಡಿಸಿದಳು. ಮಧ್ಯಾಹ್ನ ಕೃಷ್ಣನನ್ನು ನವಗ್ರಹ ಕಿಂಡಿಯಿಂದ ನೋಡಿ ಬಂದೆವು. ರಾತ್ರಿ ದ್ವೀಪದ ಮಾತೆತ್ತಿದಾಗ ಮಾವ, "ಹತ್ತು ವರ್ಷಾತು ಅಕ್ಕಾ, ನಾನೂ ಅಲ್ಲಿಗೆ ಹೋಗಿಲ್ಲ. ಸೂಟಿ ಅಂದ್ರ ನಮಗ ಪಗಾರಿಲ್ಲದ ದಿನ" ಎಂದ.

ಮರುದಿನ ಮಲ್ಪೆಗೆ ಹೋದರೆ ಗಾಳಿ ಜೋರಾಗಿದೆಯೆಂದು ದೋಣಿಗಳನ್ನು ನಿಲ್ಲಿಸಿದ್ದರು. ನನಗೆ ಅಳುವೇ ಬಂದಿತು. ಸಮುದ್ರ ಎದುರಿಗೇ ಇತ್ತು. ಅದನ್ನು ನೋಡುವ ಬದಲು ನಾನು ಟಿಕೀಟಿನ ಕಿಟಕಿಯನ್ನೇ ನೋಡುತ್ತ ನಿಂತಿದ್ದೆ. ತಿರುಗಿ ನೋಡಿದರೆ ಅವ್ವ ಅಲ್ಲಿಲ್ಲ. ಮೀನುಗಾರಿಕೆಯ ಬಂದರದ ಕಡೆ ಹುಡುಕಿಕೊಂಡು ಹೋದಾಗ, ಹರಿದ ಬಲೆ ಹರಡಿಕೊಂಡು ಸರಿಮಾಡುತ್ತಿದ್ದ ಇಬ್ಬರು ಮುದುಕರ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಅವರದು ತುಳು, ಇವಳದು ಹುನಗುಂದದ ಕನ್ನಡ. ಮಾತಿನ ಗೊಡವೆಯೇ ಇರಲಿಲ್ಲ. ಒಬ್ಬ ಮುದುಕ ಕಡ್ಡಿಗೆ ಸುತ್ತಿದ ದಾರವನ್ನು ಹರಿದ ಕಣ್ಣಿನೊಳಗೆ ತೂರಿಸಿ ಗಂಟು ಬಿಗಿಯುವುದನ್ನು ಅವಳು ಎವೆಯಿಕ್ಕದೆ ನೋಡುತ್ತಿದ್ದಳು.

"ನಮ್ಮ ಕೊಂಡಿ ಇದ್ದಂಗ ಐತಿ ನೋಡು" ಎಂದಳು ನನ್ನನ್ನು ಕಂಡು. ಇಳಕಲ್ ಸೀರೆಯ ಮೈಯ ಹಾಸಿಗೂ ರೇಶಿಮೆ ಸೆರಗಿನ ಹಾಸಿಗೂ ಒಂದೊಂದೇ ಎಳೆಯನ್ನು ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿಯೆನ್ನುತ್ತಾರೆ. "ಆದ್ರ ಇವರು ಗಾಳಿ ನೇಯ್ತಾರ, ನಾವು ಅರಿವಿ ನೇಯ್ತೀವಿ."

ಒಂದು ತಾಸಾದರೂ ಅಲ್ಲಿ ಕುಳಿತಿದ್ದಿರಬೇಕು. ಬೇರೆಯವರು ದುಡಿಯುವುದನ್ನು ಕೈಕಟ್ಟಿ ನೋಡುತ್ತ ಕೂಡುವ ಪ್ರಸಂಗ ಅವಳಿಗೆ ಅದಕ್ಕೂ ಮೊದಲು ಬಂದಿದ್ದಿತೋ ಇಲ್ಲವೋ. ಆಮೇಲೆ ದಂಡೆಗೆ ಬಂದು ಕಟ್ಟಿಕೊಂಡು ಬಂದ ರೊಟ್ಟಿ ತಿಂದೆವು. ಅವ್ವ ಕೈಚೀಲವನ್ನು ತಲೆದಿಂಬು ಮಾಡಿ, ಸೆರಗು ಮುಖದ ಮೇಲೆ ಎಳೆದುಕೊಂಡು, "ಸ್ವಲ್ಪ ಬೆನ್ನ ಚಾಚ್ತೀನಿ" ಎಂದಳು. ನಾಲ್ಕು ಗಂಟೆಯವರೆಗೆ ಏಳಲಿಲ್ಲ. ಹಗಲಿನಲ್ಲಿ ನಿದ್ದೆ ಹೋದ ಅವ್ವನನ್ನು ಜ್ವರ ಬಂದಾಗಲೂ ನಾನು ಕಂಡವಳಲ್ಲ. ಬಿಸಿಲು ತಿರುಗಿದಂತೆಲ್ಲ ನಾನೂ ಸರಿದು ಸರಿದು ಕುಳಿತು ಅವಳ ತಲೆಗೆ ನೆರಳು ಮಾಡಿದೆ. ಅಷ್ಟು ಹೊತ್ತು ಸಮುದ್ರ ನನ್ನ ಬೆನ್ನ ಹಿಂದೆ ಇದ್ದಿತು.

ಮೂರನೆಯ ದಿನ ಗಾಳಿ ಇಳಿದು ದೋಣಿ ಹೊರಟಿತು. ಅವ್ವ ಮಾತ್ರ ಏಳಲೊಲ್ಲಳು. "ನೀ ಹೋಗಿ ಬಾ. ನನಗ ಇಲ್ಲೇ ಛಲೋ ಐತಿ" ಎಂದಳು. ಸಿಟ್ಟಿನಿಂದ ನಾಲ್ಕು ಮಾತಾಡಿದೆ. ಇಷ್ಟು ದೂರ ಬಂದದ್ದು ಯಾರ ಸಲುವಾಗಿ ಎಂದೂ ಕೇಳಿದೆ. ಅವಳು ನಕ್ಕಳು. ಆ ನಗೆಯಿಂದ, ಯಾರ ಸಲುವಾಗಿ ಬಂದದ್ದೆಂಬುದು ಅವಳಿಗೆ ಮರೋಳದಲ್ಲಿಯೇ ತಿಳಿದಿತ್ತೆಂದು ನನಗೆ ಗೊತ್ತಾಯಿತು. ಒಂದು ಟಿಕೀಟಿನ ಹಣ ಉಳಿಯಿತಲ್ಲ ಎಂಬ ಸಮಾಧಾನವೂ ಒಳಗೊಳಗೇ ಆಗದಿರಲಿಲ್ಲ.

ದ್ವೀಪ ದಂಡೆಯಿಂದ ಸುಮಾರು 6 ಕಿಲೋಮೀಟರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವಾಗ ಇಲ್ಲಿಳಿದು ಮೇರಿಯ ಹೆಸರಿಟ್ಟನೆಂದು ಹೇಳಿಕೆಯುಂಟು. ನನಗೆ ಆ ಮಾತಿಗಿಂತ ಕಲ್ಲೇ ದೊಡ್ಡದೆನಿಸಿತು. ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನೀರಿನವರೆಗೆ ನಿಂತಿವೆ. ಕಡೆದವರು ಯಾರೂ ಇಲ್ಲ. ಕಾದ ಲಾವಾ ಆರುತ್ತ ಆರುತ್ತ ಕುಗ್ಗಿ ಹಾಗೆ ಬಿರಿದದ್ದು. ನೋಡುತ್ತ ನಿಂತಾಗ, ಇದನ್ನು ನಾನು ಮೊದಲೇ ಕಂಡಿದ್ದೇನೆ ಎನಿಸಿತು. ಏಪ್ರಿಲ್ ತಿಂಗಳಲ್ಲಿ ನಮ್ಮ ಎರೆಹೊಲ ಬಾಯಿಬಿಡುವುದು ಹೀಗೆಯೇ, ಇದೇ ಐದು ಮೂಲೆ, ಆರು ಮೂಲೆ. ದಂಡೆಯ ಕಡೆ ಕಣ್ಣುಹಾಯಿಸಿದೆ. ತೆಂಗಿನ ಮರಗಳ ಒಂದು ಹಸಿರು ದಡಿ ಮಾತ್ರ ಕಾಣುತ್ತಿತ್ತು. ಅದರ ಅಡಿಯಲ್ಲಿ ಎಲ್ಲಿಯೋ ಅವ್ವ.

ಮರಳಿದಾಗ, "ಏನ ಕಂಡಿ?" ಎಂದಳು.

"ಕಲ್ಲು."

"ಇಳಕಲ್ಲ ಮಗ್ಗಲದಾಗಿಂದ ಇಲ್ಲೀತನ ಬಂದು ಕಲ್ಲು ನೋಡಿದೆನು?" ಎಂದು ಅವಳು ನಕ್ಕ ನಗೆಗೆ ಪಕ್ಕದಲ್ಲಿ ಕುಳಿತವರೂ ತಿರುಗಿ ನೋಡಿದರು. ಎರೆಹೊಲದ ಹೋಲಿಕೆ ಹೇಳಿದೆ. ಆಗ ನಗೆ ನಿಲ್ಲಿಸಿ, "ಹಂಗಾರ ನಾನೂ ಬರಬೇಕಿತ್ತು" ಎಂದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು.

ಸೊಂಟನೋವು ಪೂರ್ತಿ ಹೋಯಿತೆಂದು ಹೇಳಲಾರೆ. ನಾಲ್ಕು ದಿನದಲ್ಲಿ ಒಂದು ಸೀರೆಯ ಕೂಲಿ ಹಿಂದೆ ಬಿತ್ತು. ನನ್ನ ಅರ್ಜಿಯ ಹಣವನ್ನು ಮತ್ತೆ ಕಂಡಿಕೆ ಸುತ್ತಿ ಕೂಡಿಸುತ್ತಿದ್ದೇನೆ. ಊರಿಗೆ ಬಂದ ಮರುದಿನವೇ ಅವ್ವ ಮಗ್ಗಕ್ಕೆ ಇಳಿದಳು. ಮೊನ್ನೆ ನಾನು ಪರೀಕ್ಷೆಗೆ ಓದುತ್ತ ಕುಳಿತಿದ್ದೆ. ಲಾಳಿಯ ಸಪ್ಪಳ ನಿಂತಿತು. ಎಳೆ ಹರಿದಿರಬೇಕೆಂದು ನಾನು ತಲೆಯೆತ್ತಲಿಲ್ಲ.

"ಆ ಮಲಗಿದ ದೇವರ ಊರು," ಎಂದಳು ಅವ್ವ ಕುಣಿಯೊಳಗಿನಿಂದ, "ಬಸ್ಸಿಗೆ ಎಷ್ಟ ತಾಸ ಅಂದಿ?"