ಜನವರಿ ಒಂದಕ್ಕೇ ಹುಟ್ಟಿದವರು

ಅಂಕಲಗಿಯ ಕಟ್ಟೆ ಮೇಲೆ ಕೂತ ಹಿರಿಯರ ಆಧಾರ್ ಕಾರ್ಡ್ ನೋಡಿ. ಅವರಲ್ಲಿ ಎಷ್ಟೋ ಮಂದಿ ಜನವರಿ 1ಕ್ಕೇ ಹುಟ್ಟಿದವರು! ತಾರೀಖು ಗೊತ್ತಿಲ್ಲದವರಿಗೆ ಅಂದಾಜಿನ ವರ್ಷ ಬರೆಸಿದರೆ ಹೀಗಾಗುತ್ತದೆ. ವಯಸ್ಸು ಕೇಳಿದರೆ, "ಬರಗಾಲದಾಗ ನಾ ದನಾ ಕಾಯತಿದ್ನಿ, ನೀನ ಲೆಕ್ಕಾ ಹಾಕ" ಅನ್ನುತ್ತಾರೆ.

ಅತ್ತ ಮುಪ್ಪನ್ನು ಮುಂದೂಡುವ ಸಂಶೋಧನೆ ಜೋರಾಗಿದೆ. ಗೂಗಲ್ 2013ರಲ್ಲೇ ಇದಕ್ಕಾಗಿ ಕ್ಯಾಲಿಕೊ ಕಂಪನಿ ಕಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಲಾಂಜೆವಿಟಿ ಇಂಡಿಯಾ' ಯೋಜನೆ ನಡೆದಿದೆ. ಬರೀ ಆಯುಷ್ಯವಲ್ಲ, ಕೈಕಾಲು ಗಟ್ಟಿ ಇರುವ ವರ್ಷಗಳು ಹೆಚ್ಚಬೇಕು ಎಂಬುದು ಗುರಿ.

ಇದಕ್ಕೆ ದೇಹದ ಮುಪ್ಪನ್ನು ಅಳೆಯಬೇಕು. 2013ರಲ್ಲಿ ವಿಜ್ಞಾನಿ ಸ್ಟೀವ್ ಹೋರ್ವಾತ್ ಡಿಎನ್‌ಎಯ 353 ಜಾಗಗಳ ರಾಸಾಯನಿಕ ಗುರುತು ನೋಡಿ ವಯಸ್ಸು ಹೇಳುವ 'ಗಡಿಯಾರ' ಮಾಡಿದರು. ಅದನ್ನು ಹೊಂದಿಸಿದ್ದು ಜನರ ನಿಜವಾದ ವಯಸ್ಸಿಗೆ. ನಮ್ಮಲ್ಲಿ ಆ ವಯಸ್ಸೇ ಅಂದಾಜು. ಗಡಿಯಾರ 70 ಅಂದು ಕಾರ್ಡ್ 62 ಅಂದರೆ, ಕಬ್ಬಿನ ಗದ್ದೆಯ ದುಡಿಮೆ ದೇಹವನ್ನು ಸವೆಸಿತೋ, ಕಾರ್ಡೇ ತಪ್ಪೋ?

ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಅಂಥ ಅಧ್ಯಯನ ನಮ್ಮ ಕಡೆಗೂ ಬರಲಿ. ಬಂದವರು ರಕ್ತದ ಜೊತೆ ನೆನಪನ್ನೂ ಕೇಳಲಿ: 1972ರ ಬರಗಾಲಕ್ಕೆ ಮದುವೆ ಆಗಿತ್ತಾ? ಹಿಡಕಲ್ ಡ್ಯಾಮ್ ಕಟ್ಟುವಾಗ ಮಕ್ಕಳೆಷ್ಟು?

ಆ ಲೆಕ್ಕ ಪ್ರಯೋಗಾಲಯಕ್ಕಷ್ಟೇ ಅಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಿರಬೇಕು. ಕಾರ್ಡಿನಲ್ಲಿ ಐದು ವರ್ಷ ಕಡಿಮೆ ಬಿದ್ದ ಅಜ್ಜಿ, 69ರಲ್ಲೂ ಕೂಲಿಗೆ ಹೋಗುತ್ತಾಳೆ.