ಕಲಬುರಗಿಗೆ ವಸಂತ ಬರುವುದು ಯಾವಾಗ?

ಬೇರೆ ಜಿಲ್ಲೆಗಳಿಂದ ವರ್ಗವಾಗಿ ಕಲಬುರಗಿಗೆ ಬಂದ ನೌಕರರು ನಮ್ಮೂರಿನ ಋತುಗಳನ್ನು ಎಣಿಸುವ ಕ್ರಮವೇ ಬೇರೆ. ಒಂದನೆಯದು ಬೇಸಿಗೆ, ಎರಡನೆಯದು ಕಡುಬೇಸಿಗೆ, ಮೂರನೆಯದು ವರ್ಗಾವಣೆಯ ಆದೇಶ ಬರುವ ಕಾಲ! ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಬಂದು ಸಜ್ಜೆ ರೊಟ್ಟಿ, ಭಜ್ಜಿ ಉಂಡು, ಚಳಿಗೆ ಕೈ ಉಜ್ಜಿಕೊಂಡು ಹೋದವರೇ ಮಾರ್ಚ್ ಬಂದೊಡನೆ ಈ ಮಾತು ಶುರು ಮಾಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದು, ಹತ್ತಿರ ಹತ್ತಿರ ಮೂವತ್ತು ವರ್ಷ ಇಲ್ಲಿನ ಮಕ್ಕಳಿಗೇ ವಿಜ್ಞಾನ ಹೇಳಿದ ನನಗೆ ಅದನ್ನು ಕೇಳಿ ಸ್ವಲ್ಪ ಸಿಟ್ಟು ಬರುವುದು ಸಹಜ. ಆದರೆ ಅವರೆಲ್ಲರಿಗಿಂತ ಹೆಚ್ಚು ನನ್ನನ್ನು ಪೇಚಿಗೆ ಸಿಕ್ಕಿಸಿದವನು ಎಂಟನೇ ತರಗತಿಯ ಒಬ್ಬ ಹುಡುಗ.

"ಸರ್, ವಸಂತದಾಗ ತಂಗಾಳಿ ಬೀಸ್ತದ ಅಂತ ಬರದಾರ. ನಮ್ಮೂರಾಗ ಅದು ಯಾವಾಗ ಬರ್ತದ್ರಿ?"

ಹೊರಗೆ ಝಳ ಕುಣಿಯುತ್ತಿತ್ತು. ತರಗತಿಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಚೈತ್ರ, ವೈಶಾಖ ಎರಡು ತಿಂಗಳು ವಸಂತ ಋತು ಎಂದು ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಹೆದರಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇರುವಾಗ, ಅದು ತಂಗಾಳಿಯ ಕಾಲವೆಂದು ಯಾವ ಬಾಯಿಂದ ಹೇಳುವುದು?

ಪುಸ್ತಕದ ಮಾತು ಪೂರ್ತಿ ಸುಳ್ಳೂ ಅಲ್ಲ. ನಾನು ಕಲಬುರಗಿಯಿಂದ ಕಮಲಾಪುರದ ಕಡೆಗೆ ದಿನವೂ ಬಸ್ಸಿನಲ್ಲಿ ಓಡಾಡುವವನು. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಕಿಟಕಿಯಿಂದ ನೋಡಿದರೆ, ನೆಲವೆಲ್ಲ ಒಣಗಿ ಬಿರುಕು ಬಿಟ್ಟ ಮಾರ್ಚ್ ತಿಂಗಳಲ್ಲೇ ಬೇವಿನ ಮರ ಎಳೆ ತಾಮ್ರದ ಬಣ್ಣದ ಚಿಗುರು ಹೊತ್ತು ನಿಂತಿರುತ್ತದೆ. ಮುತ್ತುಗ ಎಲೆ ಉದುರಿಸಿ ಬರೀ ಹೂವಾಗಿರುತ್ತದೆ. ಮಳೆಯಿಲ್ಲದ ಹೊತ್ತಿನಲ್ಲಿ ಮರಕ್ಕೆ ಇಂಥ ಉಮೇದು ಎಲ್ಲಿಂದ? ಬೇರು ಆಳಕ್ಕೆ ಇಳಿದಿರುತ್ತದೆ, ಹಳೆಯ ಎಲೆ ಉದುರಿದ್ದರಿಂದ ನೀರಿನ ಖರ್ಚು ತಗ್ಗಿರುತ್ತದೆ, ಹಗಲು ಉದ್ದವಾಗುತ್ತಿರುತ್ತದೆ. ಮಳೆ ಬೀಳುವ ಹೊತ್ತಿಗೆ ಎಲೆ ಸಿದ್ಧವಿರಬೇಕೆಂಬುದು ಮರದ ಲೆಕ್ಕಾಚಾರ. ಯುಗಾದಿಯ ದಿನ ನಮ್ಮ ಕಡೆ ಬೇವಿನ ಹೂ, ಬೆಲ್ಲ, ಹುಣಸೆ, ಪುಟಾಣಿ ಹಾಕಿ ಗಡಿಗೆಯಲ್ಲಿ ಕದಡಿ ಕುಡಿಯುವ 'ಬೇವು' ಈ ಲೆಕ್ಕಾಚಾರದ ಫಲವೇ. ಅಂದರೆ ಮರಕ್ಕೆ ಮಾರ್ಚಿನಲ್ಲಿ ವಸಂತ. ಮನುಷ್ಯರಿಗೆ, ದನಕರುಗಳಿಗೆ?

ಮನುಷ್ಯರಿಗೆ ಜಾತ್ರೆ. ಹೋಳಿ ಹುಣ್ಣಿಮೆಯ ಮುಂದಿನ ಪಂಚಮಿಗೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಹದಿನೆಂಟನೇ ಶತಮಾನದಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣರ ನೆನಪಿನ ಜಾತ್ರೆ ಇದು. ಹಿಂದಿನ ದಿನ ಉಚ್ಚಾಯಿ, ಮರುದಿನ ಪರುಷ ಬಟ್ಟಲಿನ ದರ್ಶನ, ಆಮೇಲೆ ತೇರು. ತೇರು ಎಳೆಯುವುದು ಹೊತ್ತು ಇಳಿದ ಮೇಲೆ. ಸುತ್ತಲ ಹಳ್ಳಿಗಳ ಜನ ನಡೆದು ಬರುವುದೂ ಹೆಚ್ಚಾಗಿ ರಾತ್ರಿಯೇ. ನೂರಾರು ವರ್ಷ ಬಿಸಿಲಿನ ಜೊತೆ ಸಂಸಾರ ಮಾಡಿದವರ ವೇಳಾಪಟ್ಟಿ ಅದು. ಬಾಳೆಹಣ್ಣು, ಉತ್ತತ್ತಿ ಕಳಸದ ಕಡೆಗೆ ಹಾರುವಾಗ ಆಕಾಶ ಕೆಂಪಾಗಿರುತ್ತದೆ, ಕಾಲ ಕೆಳಗಿನ ನೆಲ ಮಾತ್ರ ಇನ್ನೂ ಬೆಚ್ಚಗೇ ಇರುತ್ತದೆ. ಆಮೇಲೆ ದಿನಗಟ್ಟಲೆ ಬೆಂಡು ಬತಾಸು, ಮಿರ್ಚಿ ಭಜಿ, ಕಬ್ಬಿನ ಹಾಲು, ತಿರುಗುವ ತೊಟ್ಟಿಲು. ನಾನು ಚಿಕ್ಕವನಿದ್ದಾಗ ಈ ಜಾತ್ರೆಯಲ್ಲಿ ನನಗೆ ಬೇಕಾಗಿದ್ದುದು ಒಂದೇ: ಗಿರ್ರನೆ ಸುತ್ತುವ ಕಟ್ಟಿಗೆಯ ಕುದುರೆ. ಒಂದು ಸಲ ಏರಿದರೆ ಅಪ್ಪ ಬೈದು ಇಳಿಸಬೇಕು.

ಆ ಕಟ್ಟಿಗೆ ಕುದುರೆಯ ಮೇಲೆ ಕೂತಾಗ ನನಗೆ ಗೊತ್ತಿರದ ಸಂಗತಿಯೆಂದರೆ, ಇದೇ ಸೀಮೆಯಲ್ಲಿ ಒಂದು ಕಾಲಕ್ಕೆ ಜೀವಂತ ಕುದುರೆಗಳ ಜಾತ್ರೆಯೇ ಸೇರುತ್ತಿತ್ತು ಎಂಬುದು. ಅದನ್ನು ಬರೆದಿಟ್ಟವನು ರಷ್ಯದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ, ಬಹಮನಿ ರಾಜ್ಯಕ್ಕೆ ಬೀದರ ರಾಜಧಾನಿಯಾಗಿದ್ದ ಕಾಲದಲ್ಲಿ ಈ ಕಡೆ ಬಂದವನು. ವಾಸ್ಕೋ ಡ ಗಾಮನಿಗಿಂತ ಕಾಲು ಶತಮಾನ ಮೊದಲು! ಹಿರಿಯ ಓದುಗರಿಗೆ 1957ರ 'ಪರದೇಶಿ' ಸಿನಿಮಾ ನೆನಪಿರಬಹುದು. ನರ್ಗಿಸ್ ನಟಿಸಿದ್ದ ಆ ಚಿತ್ರ ಈತನ ಕಥೆಯೇ.

ಈ ಪುಣ್ಯಾತ್ಮ ಬರುವಾಗ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಅದಕ್ಕೆ ಆಗಲೇ ನೂರು ರೂಬಲ್ ಖರ್ಚಾಗಿತ್ತು. ಜುನ್ನರದಲ್ಲಿ ಅಲ್ಲಿನ ಖಾನ ಅದನ್ನು ಕಿತ್ತುಕೊಂಡ. ಒಬ್ಬ ದೊಡ್ಡ ಮನುಷ್ಯರು ನಡುವೆ ಬಂದು ಬಿಡಿಸಿಕೊಟ್ಟರು. ಒಂದು ವರ್ಷ ಮೇಯಿಸಿ ಕೊನೆಗೆ ಬೀದರದಲ್ಲಿ ಮಾರಿದ; ಮೇವಿನ ಖರ್ಚನ್ನು 68 ಫುತುನ್ ಎಂದು ನಾಣ್ಯದ ಲೆಕ್ಕ ಸಮೇತ ಬರೆದಿಟ್ಟಿದ್ದಾನೆ. ಇಲ್ಲಿ ಎತ್ತು, ಎಮ್ಮೆ ಹುಟ್ಟುತ್ತವೆ, ಕುದುರೆ ಹುಟ್ಟುವುದಿಲ್ಲ ಎನ್ನುವುದು ಅವನ ಟಿಪ್ಪಣಿ. ಕುದುರೆಗಳಿಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ, ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದೂ ಬರೆದ. ನಮ್ಮ ಎಷ್ಟೋ ಜನರಿಗೆ ಸಿಗದ ಊಟ!

ವರ್ಷಕ್ಕೊಮ್ಮೆ ನಡೆಯುವ ಒಂದು ದೊಡ್ಡ ಸಂತೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನು ಹೇಳುವ ಊರನ್ನು ವಿದ್ವಾಂಸರು ನಮ್ಮ ಆಳಂದವೆಂದು ಗುರುತಿಸುತ್ತಾರೆ. ಸಂತೆ ಸೇರುತ್ತಿದ್ದುದು ಶೇಖ್ ಅಲಾವುದ್ದೀನರ ಸ್ಮರಣೆಯ ದಿನಗಳಲ್ಲಿ. ಸಂಖ್ಯೆಯನ್ನು ವ್ಯಾಪಾರಿಯ ಬಾಯಿಮಾತೆಂದು ಅರ್ಧಕ್ಕೆ ಇಳಿಸಿದರೂ ಹತ್ತು ಸಾವಿರ ಕುದುರೆ! ಅರಬ್ಬಿ, ಪಾರಸಿ ಕುದುರೆಗಳು ಹಡಗಿನಲ್ಲಿ ಚೌಲ್, ದಾಭೋಳಕ್ಕೆ ಬಂದಿಳಿದು, ಘಟ್ಟ ಹತ್ತಿ ಇಲ್ಲಿಯವರೆಗೆ ನಡೆದು ಬರುತ್ತಿದ್ದವು. ಆಳಂದದಲ್ಲಿ ರಾತ್ರಿ ಹಾರುವ 'ಗುಕುಕ್' ಎಂಬ ಹಕ್ಕಿ ಇದೆ, ಅದು ಯಾರ ಮನೆ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ ಎಂದೂ ಅವನು ಬರೆದಿದ್ದಾನೆ. ನಮ್ಮ ಗೂಗಿ! ಐದೂವರೆ ಶತಮಾನ ಕಳೆದರೂ ನಮ್ಮ ಜನ ಆ ಬಡ ಹಕ್ಕಿಯ ಮೇಲಿನ ಆರೋಪವನ್ನು ಹಿಂದೆಗೆದುಕೊಂಡಿಲ್ಲ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅವನ ಋತುಗಳ ಲೆಕ್ಕ. ಸಂತೆ ನಡೆಯುವ ಹೊತ್ತಿಗೆ ಇವರಿಗೆ ವಸಂತ ಶುರುವಾಗುತ್ತದೆ ಎಂದು ಬರೆಯುತ್ತಾನೆ. ಅವನು ಹೇಳುವ ರಷ್ಯದ ಹಬ್ಬವನ್ನು ಹಿಡಿದು ಲೆಕ್ಕ ಹಾಕಿದರೆ ಅದು ಈಗಿನ ಅಕ್ಟೋಬರ್ ಎರಡನೇ ವಾರ. ಜುನ್ನರದಲ್ಲಿ ಜೂನಿನಿಂದ ನಾಲ್ಕು ತಿಂಗಳು ಹಗಲೂ ರಾತ್ರಿ ಬರೀ ನೀರು, ಕೆಸರು ಕಂಡವನು ಅದನ್ನು 'ಚಳಿಗಾಲ' ಎಂದು ಕರೆದ. ಆ ಕೆಸರು ಆರಿ, ದಾರಿ ಗಟ್ಟಿಯಾಗಿ, ಹುಲ್ಲು ಮೊಣಕಾಲೆತ್ತರ ನಿಂತು, ಕುದುರೆ ನಡೆಯುವಂತಾದ ಕಾಲ ಅವನಿಗೆ ವಸಂತ. ಮೊದಲ ಸಲ ಓದಿದಾಗ ಪರದೇಶಿಗೆ ಪಾಪ ತಿಳಿಯಲಿಲ್ಲ ಅನ್ನಿಸಿತ್ತು. ಯೋಚಿಸುತ್ತ ಹೋದಂತೆ, ಅವನು ಪಂಚಾಂಗ ನೋಡದೆ ನೆಲ ನೋಡಿ ಬರೆದಿದ್ದಾನೆ ಎನ್ನಿಸಿತು. ಕಷ್ಟದ ಕಾಲ ಮುಗಿದು ಪ್ರಾಣಿಗಳು ಹೊರಗೆ ಬರುವ ಹೊತ್ತನ್ನು ಅವನು ವಸಂತ ಎಂದ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಲೂಯಿವಿಲ್ ನಗರದಲ್ಲಿ 1875ರಿಂದ ನಡೆದುಬಂದಿರುವ ಕೆಂಟುಕಿ ಡರ್ಬಿ ಎಂಬ ಕುದುರೆ ಓಟ ಜಗತ್ತಿಗೇ ಪ್ರಸಿದ್ಧ. ಮೇ ತಿಂಗಳ ಮೊದಲ ಶನಿವಾರ, ಮೂರು ವರ್ಷದ ಕುದುರೆಗಳು, ಎರಡು ಕಿಲೋಮೀಟರ್ ದೂರ, ಹೆಚ್ಚು ಕಡಿಮೆ ಎರಡು ನಿಮಿಷ. ಆ ಎರಡು ನಿಮಿಷಕ್ಕಾಗಿ ಊರಿಗೆ ಊರೇ ವಾರಗಟ್ಟಲೆ ಹಬ್ಬ ಮಾಡುತ್ತದೆ. ಹಿಮದ ಚಳಿ ಮುಗಿದು ಹುಲ್ಲು ಬಂದಿರುತ್ತದೆ, ಹಗಲ ಬಿಸಿ 25 ಡಿಗ್ರಿಯ ಆಚೀಚೆ. ಕೊರೊನಾ ಬಂದ 2020ರಲ್ಲಿ ಮಾತ್ರ ಓಟ ಸೆಪ್ಟೆಂಬರಿಗೆ ಹೋಯಿತು.

ಅದೇ ಮೇ ಮೊದಲ ವಾರ ಕಲಬುರಗಿಯಲ್ಲಿ ಹೇಗಿರುತ್ತದೆ? ನಮ್ಮ ಅಕ್ಷಾಂಶ 17 ಡಿಗ್ರಿ ಚಿಲ್ಲರೆ. ಮೇ 8-9ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮೋಡವಿಲ್ಲ, ಸಮುದ್ರ ದೂರ, ಬಿಸಿಲು ಹೀರುವ ಕರಿ ಎರೆ ಮಣ್ಣು. 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಂಥ ಹೊತ್ತಿನಲ್ಲಿ ಕುದುರೆ ಓಡಿಸಿದರೆ ಏನಾದೀತು? ಓಡುವ ಪ್ರಾಣಿಯ ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿಯೇ ಹೊರಬರುತ್ತದೆ. ಅದನ್ನು ಕಳೆಯಲು ಕುದುರೆ ನಮ್ಮಂತೆಯೇ ಬೆವರಬೇಕು, ಬೆವರಲು ನೀರು ಬೇಕು. ಎತ್ತಿನ ಕಥೆಯೂ ಅಷ್ಟೇ. ಡುಬ್ಬ, ಸಡಿಲ ಚರ್ಮ, ನುಣುಪು ಕೂದಲಿನ ನಮ್ಮ ನಾಡ ತಳಿಗಳು ಬಿಸಿಲು ತಡೆಯುತ್ತವೆ ನಿಜ. ನೀರು, ಮೇವು ಇಲ್ಲದೆ ಅಲ್ಲ.

ಹಾಗಾದರೆ ನಮ್ಮ ಡರ್ಬಿ ಯಾವುದು? ನನ್ನ ಪ್ರಕಾರ ಕಾರಹುಣ್ಣಿಮೆಯ ಕರಿ. ಜ್ಯೇಷ್ಠ ಮಾಸದ ಹುಣ್ಣಿಮೆ, ಸಾಮಾನ್ಯವಾಗಿ ಜೂನ್ ತಿಂಗಳು. ಒಂದೆರಡು ಮಳೆ ಬಿದ್ದಿರುತ್ತದೆ ಅಥವಾ ಬೀಳುವಂತಿರುತ್ತದೆ. ಹಿಂದಿನ ದಿನ ಹೊನ್ನುಗ್ಗಿ. ಹಬ್ಬದ ದಿನ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ, ಗೆಜ್ಜೆಸರ ಕಟ್ಟಿ, ಹೋಳಿಗೆ ತಿನ್ನಿಸಿ, ಸಂಜೆ ಅಗಸಿಗೆ ಅಡ್ಡ ಕಟ್ಟಿದ ಬೇವಿನ ತೋರಣದ ಕಡೆಗೆ ಓಡಿಸುತ್ತಾರೆ. ಮೊದಲು ನುಗ್ಗಿ ಹರಿದ ಎತ್ತು ಗೆದ್ದಂತೆ. ಬಿಳಿ ಎತ್ತು ಹರಿದರೆ ಹಿಂಗಾರಿಯ ಬಿಳಿ ಜೋಳ ಚೆನ್ನಾಗಿ ಬರುತ್ತದೆ, ಕಂದು ಎತ್ತು ಹರಿದರೆ ಮುಂಗಾರಿಯ ಕೆಂಪು ಬೆಳೆ ಎಂಬುದು ನಂಬಿಕೆ.

ಕಮಲಾಪುರದಲ್ಲಿ ನಮ್ಮ ಅಣ್ಣ ಒಕ್ಕಲುತನ ಮಾಡಿಕೊಂಡಿದ್ದಾನೆ. ಕಮಲಾಪುರ ಎಂದರೆ ನಿಮಗೆ ಕೆಂಪು ಬಾಳೆ ನೆನಪಾಗಬೇಕು. ಗುಡ್ಡಗಳ ನಡುವಿನ ಆ ತಗ್ಗಿನ ಬಾಳೆಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಒಂದು ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು. ಅಷ್ಟು ದಿನ ನೀರು ಕೊಡುವ ಬಾವಿ ಅಣ್ಣನಿಗಿಲ್ಲ. ಅವನದು ತೊಗರಿ, ಜೋಳ. ಒಂದು ಬಿಳಿಯ ಕಿಲಾರಿ ಎತ್ತು, ಅದಕ್ಕೆ ಜೋಡಿ ಒಂದು ಕಂದು. ಪ್ರತಿ ವರ್ಷ ಕರಿ ಮುಗಿದ ರಾತ್ರಿ ನಮ್ಮಿಬ್ಬರಿಗೂ ವಾದ.

"ಅಣ್ಣಾ, ಎತ್ತಿಗೆ ಮುಂದಿನ ಮಳಿ ಹೆಂಗ ಗೊತ್ತಾಗ್ತದ? ಹಿಂದಿನ ಬ್ಯಾಸಗಿ ಗೊತ್ತಿರ್ತದ ಅಷ್ಟೇ. ಯಾರ ಮನ್ಯಾಗ ಮೇವು, ನೀರು ಕಡಿಮಿ ಆಗಿಲ್ಲೋ ಅವರ ಎತ್ತು ಹರೀತದ."

"ಹಂಗಂದ್ರ ಕರಿ ಹರಿಯೋದು ಎತ್ತಲ್ಲ, ಕಣಕಿ ಬಣವಿ ಅಂತೀಯೇನು ಮಾಸ್ತರ?" ಎನ್ನುತ್ತಿದ್ದ.

ಹೌದು, ನಾನು ಹೇಳುವುದು ಅದೇ. ಕಾರಹುಣ್ಣಿಮೆ ಮಳೆಯ ಜ್ಯೋತಿಷ್ಯವಲ್ಲ, ಬೇಸಿಗೆಯ ಫಲಿತಾಂಶ ಪತ್ರಿಕೆ. ಫೆಬ್ರವರಿಯಿಂದ ಮೇವರೆಗೆ ಯಾವ ಊರಲ್ಲಿ ಎಷ್ಟು ಜೋಡಿ ಎತ್ತು ಬದುಕುಳಿದು, ಮೈ ತುಂಬಿಕೊಂಡು ಅಗಸಿಯವರೆಗೆ ಓಡಬಲ್ಲವು ಎಂಬುದನ್ನು ಅದು ಎಲ್ಲರ ಕಣ್ಣೆದುರು ತೋರಿಸುತ್ತದೆ. ನಾನು ಹುಡುಗನಾಗಿದ್ದಾಗ ಅಗಸಿಯ ಮುಂದೆ ಎತ್ತುಗಳ ಸಾಲಿಗೆ ಕೊನೆ ಕಾಣುತ್ತಿರಲಿಲ್ಲ. ನಾವು ಮಕ್ಕಳು ಮಾಳಿಗೆ ಹತ್ತಿ ನೋಡಬೇಕಿತ್ತು. ಈಗ ಕಟ್ಟೆಯ ಮೇಲೆ ಕೂತೇ ಎಣಿಸಬಹುದು. ಕಾರಣಗಳು ಗುಟ್ಟಿನವಲ್ಲ. ತೊಗರಿ, ಸೋಯಾಬೀನ್ ಹೆಚ್ಚಿದಂತೆ ಜೋಳ ಹಿಂದೆ ಸರಿಯಿತು. ಜೋಳವಿಲ್ಲದೆ ಕಣಕಿ ಎಲ್ಲಿಂದ ಬರಬೇಕು? ಟ್ರ್ಯಾಕ್ಟರು ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಕೆಲಸವಿಲ್ಲದ ದಿನ ಮೇವು ಬೇಡ. ಬಿಸಿಲು ಮಾತ್ರ ಬೇಗ ಶುರುವಾಗಿ ತಡವಾಗಿ ಮುಗಿಯುತ್ತಿದೆ ಎಂದು ನನಗೂ ಅಣ್ಣನಿಗೂ ಅನ್ನಿಸುತ್ತದೆ. ಈ ಒಂದು ವಿಷಯದಲ್ಲಿ ನಮಗೆ ಜಗಳವಿಲ್ಲ.

ಆ ಹುಡುಗನಿಗೆ ಉತ್ತರ ಹೇಳಿದೆ. ಮರಕ್ಕೆ ಮಾರ್ಚಿನಲ್ಲಿ, ರಷ್ಯದವನ ಕುದುರೆಗೆ ಅಕ್ಟೋಬರಿನಲ್ಲಿ, ನಿಮ್ಮ ಮನೆಯ ಎತ್ತಿಗೆ ಕಾರಹುಣ್ಣಿಮೆಗೆ ಎಂದೆ. ಪರೀಕ್ಷೆಯಲ್ಲಿ ಚೈತ್ರ, ವೈಶಾಖ ಎಂದೇ ಬರೆ ಎಂದೂ ಸೇರಿಸಿದೆ. "ನಮ್ಮನ್ಯಾಗ ಎತ್ತಿಲ್ರಿ ಸರ್" ಅಂದ.

ಹೋದ ವರ್ಷ ಬೇಸಿಗೆಯ ನಡುವೆ ಅಣ್ಣನೂ ಜೋಡಿಯನ್ನು ಮಾರಿದ. ಕೊಂಡವನು ಪಕ್ಕದ ಹಳ್ಳಿಯವನು, ನೀರಾವರಿ ಇದ್ದವನು. ಕಾರಹುಣ್ಣಿಮೆಗೆ ನಾನು ಎಂದಿನಂತೆ ಊರಿಗೆ ಹೋದೆ. ಅತ್ತಿಗೆ ಹೋಳಿಗೆ ಮಾಡಿದ್ದರು. ಖಾಲಿ ಗೋದಲಿಯನ್ನೂ ಸಾರಿಸಿ ಪೂಜೆ ಮಾಡಿದ್ದರು. ಸಂಜೆ ಅಣ್ಣ ಗೆಜ್ಜೆಸರವನ್ನು ಮೊಳೆಯಿಂದ ತೆಗೆದು ಓಣಿಯ ಹುಡುಗನೊಬ್ಬನ ಎತ್ತಿಗೆ ಕಟ್ಟಿ ಬಂದ. ಅಗಸಿಯಲ್ಲಿ ನನ್ನ ಪಕ್ಕವೇ ನಿಂತಿದ್ದ. ಆ ಎತ್ತು ಎರಡನೆಯದಾಗಿ ಬಂತು, ಹರಿದದ್ದು ಬಿಳಿಯದು. ಆ ವರ್ಷದ ಜೋಳದ ಬಗ್ಗೆ ಅಣ್ಣ ಒಂದು ಮಾತೂ ಆಡಲಿಲ್ಲ, ನಾನೂ ವಾದ ತೆಗೆಯಲಿಲ್ಲ. ರಾತ್ರಿ ಹುಡುಗ ಗೆಜ್ಜೆಸರ ತಂದುಕೊಟ್ಟ. ಅಣ್ಣ ಅದನ್ನು ಒರೆಸಿ, ಚರ್ಮದ ಪಟ್ಟಿಗೆ ಎಣ್ಣೆ ಸವರಿ, ಮತ್ತೆ ಅದೇ ಮೊಳೆಗೆ ತೂಗುಹಾಕಿ, "ಎಣ್ಣಿ ಹಚ್ಚಲಿಲ್ಲಂದ್ರ ಬ್ಯಾಸಗ್ಯಾಗ ಪಟ್ಟಿ ಸೀಳ್ತದ" ಅಂದ.