ಹಸ್ತಪ್ರತಿ ವಾಪಸು ಬಂದ ಬಗೆ

ನನ್ನ ಮೊದಲ ಕಥಾಸಂಕಲನದ ಹಸ್ತಪ್ರತಿ ಒಬ್ಬ ಪ್ರಕಾಶಕರ ಬೀರುವಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. ಜೊತೆಗೆ ನಮ್ಮ ಮನೆಯ 30,000 ರೂಪಾಯಿಯೂ. ಪುಸ್ತಕ ತರಬೇಕೆಂದು ಹೊರಟ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಪೀಣ್ಯದ ವರ್ಕ್‌ಶಾಪುಗಳಿಂದ ಬರುತ್ತಾರೆ, ವೈಟ್‌ಫೀಲ್ಡಿನ ಕಂಪನಿಗಳಿಂದಲೂ ಬರುತ್ತಾರೆ. ಕತೆ ಬರೆಯೋದು ಹೇಗೆ ಸಾರ್ ಎಂದು ಅವರು ಕೇಳುತ್ತಾರೆ. ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ ಎಂದು ನಾನು ಕೇಳುತ್ತೇನೆ.

ಪೀಣ್ಯ ಎರಡನೇ ಹಂತದ ಒಂದು ಮಷಿನಿಂಗ್ ಯೂನಿಟ್ಟಿನಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಊರು ಶಿರಾ ಕಡೆ. ಸೆಕೆಂಡ್ ಶಿಫ್ಟ್ ಮುಗಿಸಿ ಲಗ್ಗೆರೆಯ ಮನೆಗೆ ಬಂದ ಮೇಲೆ ಮೊಬೈಲಿನಲ್ಲೇ ಕತೆ ಬರೆಯುತ್ತಿದ್ದೆ. ಊಟದ ಬಿಡುವಿನಲ್ಲಿ ಅವನ್ನು ಆಪರೇಟರುಗಳಿಗೆ ಓದಿ ಹೇಳುತ್ತಿದ್ದೆ. ಅವರು ಬೀಡಿ ಹಚ್ಚಲು ಎದ್ದ ಜಾಗವನ್ನು ಗುರುತು ಮಾಡಿಕೊಂಡು, ರಾತ್ರಿ ಅಲ್ಲಿ ಕತ್ತರಿ ಹಾಕುತ್ತಿದ್ದೆ. ಬರವಣಿಗೆಯ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಅಲ್ಲೇ ಕಲಿತದ್ದು. ಕೆಲವು ಕತೆಗಳು ವಾರಪತ್ರಿಕೆಗಳಲ್ಲಿ ಬಂದವು. ಪುಸ್ತಕ ಮಾಡಿ ಎಂದು ನಾಲ್ಕು ಜನ ಹೇಳಿದರು.

ಪ್ರಕಾಶಕರು ಕಾಫಿ ತರಿಸಿದರು. ‘ನೋಡಿ ಸಾರ್, ಹೊಸಬರ ಕತೆ ಓಡಲ್ಲ. ನೂರೈವತ್ತು ಪ್ರತಿ ನೀವೇ ಮುಂಗಡ ಕೊಟ್ಟು ತಗೊಂಡ್ರೆ ಮೂರು ತಿಂಗಳಲ್ಲಿ ಬುಕ್ಕು ನಿಮ್ಮ ಕೈಲಿರುತ್ತೆ’ ಎಂದರು. ನನ್ನ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವಳು ಎತ್ತಿದ ಚೀಟಿ ದುಡ್ಡನ್ನು ಕೊಟ್ಟೆವು. ಕರಾರು ಒಂದೇ ಹಾಳೆ. ಕೃತಿಯ ಎಲ್ಲ ಹಕ್ಕೂ ಪ್ರಕಾಶಕರದು ಎಂದಿತ್ತು. ಮೂರು ತಿಂಗಳು ಅಂದದ್ದು ಬಾಯಿಮಾತಿನಲ್ಲಿತ್ತು, ಕಾಗದದಲ್ಲಿರಲಿಲ್ಲ.

ಆಮೇಲೆ ಶುರುವಾಯಿತು. ಪೇಪರ್ ರೇಟು ಏರಿದೆ ಎಂದರು. ರಾಜ್ಯೋತ್ಸವಕ್ಕೆ ತರೋಣ ಎಂದರು. ಲೈಬ್ರರಿ ಆರ್ಡರ್ ಆಗಲಿ ಎಂದರು. ಈ ಕೊನೆಯ ಮಾತನ್ನು ಹೊಸಬರು ಅರ್ಥ ಮಾಡಿಕೊಳ್ಳಬೇಕು. ಆಸ್ತಿ ತೆರಿಗೆಯ ಜೊತೆ ಊರಿನ ಜನ ಕಟ್ಟುವ ಗ್ರಂಥಾಲಯ ಕರದ ದುಡ್ಡಿನಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುತ್ತದೆ. ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಒಂದು ಶೀರ್ಷಿಕೆಯ 300 ಪ್ರತಿ ಹೋಗುತ್ತದೆ. 500 ಪ್ರತಿ ಅಚ್ಚು ಹಾಕುವ ಪ್ರಕಾಶಕನಿಗೆ ಅದು ಜೀವ. ಆದರೆ ಆಯ್ಕೆ ತಡವಾಗುತ್ತದೆ, ಪುಟಕ್ಕೆ ಇಷ್ಟು ಎಂದು ದರ ಸರ್ಕಾರ ಕಟ್ಟುತ್ತದೆ, ಬಿಲ್ಲು ಇನ್ನೂ ತಡ. ಅದನ್ನೇ ನಂಬಿದ ಪ್ರಕಾಶಕ ತನ್ನ ಕಾಯುವಿಕೆಯನ್ನೆಲ್ಲ ಲೇಖಕನ ತಲೆಗೆ ಕಟ್ಟುತ್ತಾನೆ. ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನನ್ನ ದುಡ್ಡು ಹಿಡಿದುಕೊಂಡು ಕಾಯಲು ಅದು ಕಾರಣವಲ್ಲ.

ಆ ಅವಧಿಯಲ್ಲಿ ಒಂದು ಕತೆಯನ್ನೂ ಬರೆಯಲಾಗಲಿಲ್ಲ. ಫೋನ್ ಎತ್ತದಿದ್ದರೆ ಅಂಗಡಿಗೆ ಹೋಗುತ್ತಿದ್ದೆ, ಅಲ್ಲಿ ಹುಡುಗ ‘ಸಾರ್ ಹೊರಗೆ ಹೋಗವ್ರೆ’ ಅನ್ನುತ್ತಿದ್ದ. ಜೂನ್ ಬಂದಾಗ ಮಗಳ ಫೀಸಿಗೆ ನನ್ನ ಹೆಂಡತಿ ಓಲೆ ಅಡವಿಟ್ಟಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇರೊಬ್ಬ ಪ್ರಕಾಶಕರು ಹಸ್ತಪ್ರತಿ ಕೇಳಿದರು, ಹಕ್ಕು ನಿಮ್ಮಲ್ಲೇ ಇದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಮೊದಲಿನವರಿಗೆ ಹೇಳಿದರೆ, ‘ಎಲ್ಲಿಗಾದ್ರೂ ಕೊಟ್ಟೀರಾ, ಕೇಸ್ ಹಾಕ್ತೀನಿ’ ಅಂದರು. ನಾನು ಬರೆದ ಕತೆ ನನ್ನದಲ್ಲ ಎಂದು ಹೇಳಿಸಿಕೊಂಡ ಆ ಸಂಜೆ, ಜಾಲಹಳ್ಳಿ ಕ್ರಾಸಿನಿಂದ ಮನೆಯವರೆಗೆ ಹೇಗೆ ನಡೆದೆ ಎಂಬುದೂ ನೆನಪಿಲ್ಲ.

ದಾರಿ ತೋರಿಸಿದವರು ನಮ್ಮ ಯೂನಿಯನ್ನಿನ ಕೇಸು ನಡೆಸುವ ವಕೀಲರು. ಲೇಬರ್ ಕೋರ್ಟಿನ ಕೆಲಸಕ್ಕೆ ಬಂದಿದ್ದವರ ಕೈಗೆ ಆ ಹಾಳೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದರಲ್ಲಿ ಅವಧಿ ಎಲ್ಲಿದೆಯಪ್ಪಾ?’ ಅಂದರು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ತೆಗೆದು ಓದಿಸಿದರು. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಬರೆದುಕೊಟ್ಟವನ ಸಹಿ ಇರಬೇಕು. ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ನನ್ನ ಜೀವ ಉಳಿಸಿದ್ದು ಅದೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ: ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ವರ್ಗಾವಣೆ ತಾನಾಗಿಯೇ ರದ್ದು. ನನ್ನ ಹಾಳೆಯಲ್ಲಿ ಬೇರೆ ಮಾತು ಇರಲಿಲ್ಲ.

ವಕೀಲರು ಬರೆದುಕೊಟ್ಟ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಸ್ವೀಕೃತಿಯೊಂದಿಗೆ ಕಳಿಸಿದೆ. ಮೊದಲು ಫೋನಿನಲ್ಲಿ ಕೂಗಾಟ. ಆಮೇಲೆ ಕರೆಸಿ ಹಸ್ತಪ್ರತಿ ಕೊಟ್ಟು, ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದೂ ಕೊಟ್ಟರು. ದುಡ್ಡಿನಲ್ಲಿ ಅರ್ಧ ಕಂತಿನಲ್ಲಿ ಬಂತು, ಮಿಕ್ಕದ್ದು ಈವರೆಗೆ ಬಂದಿಲ್ಲ. ದುಡ್ಡು ಕೇಳದೆ ಹೊಸಬರನ್ನು ಓದುವ ಕಡೆಗಳೂ ನಮ್ಮಲ್ಲಿವೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಕೆಲಸದಿಂದ ಬಂದ ವಸುಧೇಂದ್ರರ ಛಂದ ಪುಸ್ತಕ ಹಸ್ತಪ್ರತಿ ಸ್ಪರ್ಧೆ ನಡೆಸಿ ಹಲವು ಕತೆಗಾರರ ಮೊದಲ ಪುಸ್ತಕ ತಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ಮೊದಲು ಆ ಬಾಗಿಲು ತಟ್ಟಿ.

ನಾನು ಮಾತ್ರ ಇನ್ನು ಯಾರ ಬೀರುವಿಗೂ ಕೊಡಲಾರೆ ಎಂದು ನಾನೇ ಅಚ್ಚು ಹಾಕಿಸಿದೆ. ರಾಜಾಜಿನಗರದಲ್ಲಿ ಡಿಟಿಪಿ. ಮೊಬೈಲಿನಲ್ಲಿ ಬರೆದದ್ದು ಯೂನಿಕೋಡ್, ಅವರು ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ, ನುಡಿ ಫಾಂಟಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅಕ್ಷರ ಮುರಿಯುತ್ತದೆ. ‘ಶಿಫ್ಟ್‌ನಲ್ಲಿ’ ಎಂದು ಬರೆದದ್ದು ‘ಶಿಫ್ಟ್ನಲ್ಲಿ’ ಎಂದು ಬಂದಿತ್ತು, ‘ಲೇತ್‌ಗೆ’ ಹೋಗಿ ‘ಲೇತ್ಗೆ’ ಆಗಿತ್ತು. ಕಾರ್ಖಾನೆಯ ಕತೆಗಳಾದ್ದರಿಂದ ಇಂಥ ಪದ ಪುಟಪುಟದಲ್ಲೂ ಇವೆ. ಕೆಲವು ಕಡೆ ಅರ್ಕಾವೊತ್ತು ಹಿಂದಿನ ಅಕ್ಷರಕ್ಕೆ ಹಾರಿಕೊಂಡಿತ್ತು. ಡಿಟಿಪಿ ಅಕ್ಕನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕೆಂಪು ಪೆನ್ನಿನಲ್ಲಿ ಗುರುತು ಮಾಡಿದೆ. ತಿದ್ದಿದ್ದನ್ನು ಮತ್ತೆ ಪ್ರಿಂಟ್ ತೆಗೆಸಿ ಮತ್ತೆ ಓದಿದೆ. ನಮ್ಮಲ್ಲಿ ಫಸ್ಟ್ ಪೀಸ್ ಪಾಸಾಗದೆ ಲಾಟ್ ಓಡಿಸುವುದಿಲ್ಲ, ಕೊನೆಯ ಪ್ರೂಫೂ ಹಾಗೇ. ಅದನ್ನು ಬೇರೆಯವರಿಗೆ ಬಿಡಬೇಡಿ.

ಐಎಸ್‌ಬಿಎನ್‌ಗೆ ದುಡ್ಡು ಕೇಳುವವರಿದ್ದಾರೆ. ಅದು ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತದೆ, ಅರ್ಜಿ ಆನ್‌ಲೈನ್. ಡೆಮಿ ಅಷ್ಟಮ ಆಕಾರ, 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ, 500 ಪ್ರತಿ. ಮುದ್ರಣದ ಬಿಲ್ಲಿನಲ್ಲಿ ಪ್ರತಿಗಳ ಸಂಖ್ಯೆ ಬರೆಸಿಕೊಂಡು, ಬಂಡಲುಗಳನ್ನು ಎಣಿಸಿಯೇ ಆಟೋಗೆ ಹಾಕಿಸಿದೆ.

ಮಾರುವುದೇ ದೊಡ್ಡ ಪಾಡು. ವಿತರಕರು ಮುಖಬೆಲೆಯ ಮೇಲೆ ಶೇ 40 ಕೇಳಿದರು, ದುಡ್ಡು ಮಾರಾಟವಾದ ಮೇಲೆ ಅಂದರು. ಅಂಗಡಿ ಬಾಡಿಗೆ, ಸಂಬಳ ಎಲ್ಲ ಅದರಲ್ಲೇ ಬರಬೇಕು, ಆದ್ದರಿಂದ ಅದನ್ನು ತಪ್ಪು ಎನ್ನಲಾರೆ. ಕೆಲವೇ ಪ್ರತಿ ಕೊಟ್ಟೆ, ರಸೀದಿ ಬರೆಸಿಕೊಂಡೆ. ಮಿಕ್ಕದ್ದು ನವೆಂಬರಿನಲ್ಲಿ ಹೋಯಿತು. ನಮ್ಮ ಭಾಗದ ಕಾರ್ಖಾನೆಗಳಲ್ಲಿ ಆ ತಿಂಗಳಿಡೀ ಬಾವುಟ, ಆರ್ಕೆಸ್ಟ್ರಾ, ಊಟ ಇರುತ್ತವೆ. ಬಹುಮಾನಕ್ಕೆ ಸ್ಟೀಲ್ ಡಬ್ಬಿ ಕೊಡುತ್ತಿದ್ದ ಸಂಘಗಳಿಗೆ ಹೋಗಿ ಪುಸ್ತಕ ಕೊಡಿ ಎಂದೆ. ಒಪ್ಪಿದರು. ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕೂತಾಗ, ಫಸ್ಟ್ ಶಿಫ್ಟ್ ಬಿಟ್ಟ ಹುಡುಗರು ನಿಂತು ಪುಟ ತಿರುವಿ ‘ಅಣ್ಣಾ, ಇದು ನಮ್ ಟೂಲ್‌ರೂಮ್ ಕತೆನಾ?’ ಎಂದು ಕೇಳಿ ಕೊಂಡರು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಎಂಬುದು ಶಾಲೆಯಲ್ಲಿ ಪಾಠವಾಗಿತ್ತು. ಆ ಮೇಜಿನ ಹಿಂದೆ ಕೂತಾಗ ಅವರ ಮೇಲಿನ ಗೌರವ ನೂರ್ಮಡಿಯಾಯಿತು. ಓದುವವರು ಎಲ್ಲಿದ್ದಾರೋ ಅಲ್ಲಿಗೆ ನಾವೇ ಹೋಗಬೇಕು. ಗಾಂಧಿಬಜಾರಿನ ಬಿಡುಗಡೆ ಸಮಾರಂಭಕ್ಕೆ ನನ್ನ ಓದುಗರು ಬರಲಾರರು, ಅವರಿಗೆ ಓವರ್‌ಟೈಮ್ ಇರುತ್ತದೆ. ಖರ್ಚು ಹುಟ್ಟಿದ ದಿನವೇ ಓಲೆ ಬಿಡಿಸಿಕೊಂಡು ಬಂದೆ.

ಎರಡನೇ ಸಂಕಲನವನ್ನು ಒಬ್ಬ ಪ್ರಕಾಶಕರೇ ಕೇಳಿದರು. ಕರಾರನ್ನು ಈ ಸಲ ನಾನು ಬರೆದೆ: ಕನ್ನಡದ ಮುದ್ರಿತ ಪ್ರತಿಯ ಹಕ್ಕು ಮಾತ್ರ, 3 ವರ್ಷಕ್ಕೆ. ಸಹಿಯಾದ ಆರು ತಿಂಗಳಲ್ಲಿ ಅಚ್ಚಾಗದಿದ್ದರೆ ಹಸ್ತಪ್ರತಿ ವಾಪಸು. ಅನುವಾದ, ಇ–ಪುಸ್ತಕ, ಆಡಿಯೊ, ಸಿನಿಮಾ ನನ್ನಲ್ಲೇ. ಗೌರವಧನ ಶೇ 10, ಲೆಕ್ಕ ವರ್ಷಕ್ಕೊಮ್ಮೆ ಬರಹದಲ್ಲಿ. ನನ್ನ ಕಡೆಯಿಂದ ಒಂದು ರೂಪಾಯಿಯೂ ಇಲ್ಲ. ಅವರು ಎರಡು ಸಲ ಓದಿದರು, ಅವಧಿಯನ್ನು 5 ವರ್ಷ ಮಾಡಿ ಎಂದರು. ಮಾಡಿದೆ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು.